ಎಡಗೈಯಲ್ಲಿ ಹೋಳಿಗೆ

ಮಠದ ವಿದ್ಯಾರ್ಥಿಗಳನ್ನು ನೋಡಿಕೊಳ್ಳುತ್ತಿದ್ದ ಶಿಷ್ಯನೊಬ್ಬ ಗುರುವಿನ ಬಳಿಗೆ ಬಂದು ಕೇಳಿದ:

"ಗುರುಗಳೇ, ತಪ್ಪು ಮಾಡಿದೆ ಎಂದು ಈ ವರ್ಷ ಒಬ್ಬ ವಿದ್ಯಾರ್ಥಿಯೂ ನನ್ನ ಮುಂದೆ ಬಂದು ನಿಂತಿಲ್ಲ. ಪಕ್ಕದ ಮಠದಲ್ಲಿ ದಿನಕ್ಕೊಬ್ಬ ಬಂದು ನಿಲ್ಲುತ್ತಾನಂತೆ. ನನ್ನವರು ಸರಿದಾರಿಯಲ್ಲಿದ್ದಾರೆ ಎಂದು ತಿಳಿಯಬಹುದಲ್ಲವೇ?"

ಗುರು ಹೇಳಿದರು:

ಒಂದು ಗುಡ್ಡವಿತ್ತು. ಅದರ ಮೂಡಲಿಗೊಂದು ಗಣಿ, ಪಡುವಲಿಗೊಂದು ಗಣಿ. ಎರಡಕ್ಕೂ ಒಬ್ಬನೇ ಯಜಮಾನ. ಗಣಿಯಲ್ಲಿ ಜನಕ್ಕೆ ಪೆಟ್ಟಾಗುತ್ತಿದೆ ಎಂಬ ಮಾತು ಅವನ ಕಿವಿಗೆ ಬಿತ್ತು. ಅವನು ಒಬ್ಬ ವಿದ್ವಾಂಸನನ್ನು ಕರೆಸಿ, "ಯಾವುದು ಅಪಾಯದ ಗಣಿ ಎಂದು ನೋಡಿ ಹೇಳಿ. ಅದನ್ನು ಮುಚ್ಚಿಸಿ, ಅಲ್ಲಿಯವರನ್ನು ಇನ್ನೊಂದಕ್ಕೆ ಇಳಿಸುತ್ತೇನೆ" ಎಂದ.

ವಿದ್ವಾಂಸ ಮೊದಲು ಮೂಡಲ ಗಣಿಯ ಬಾಯಲ್ಲಿ ಒಂದು ತಿಂಗಳು ಕೂತ. ಮೇಲೆ ಬಂದವರನ್ನೆಲ್ಲ ವಿಚಾರಿಸಿದ. ಅವರು ಎಲ್ಲವನ್ನೂ ಹೇಳಿದರು. ಒಬ್ಬನಿಗೆ ಏಣಿಯ ಮೆಟ್ಟಿಲು ಮುರಿದು ಕಾಲು ಉಳುಕಿತ್ತು. ಒಬ್ಬನ ಹೆಗಲನ್ನು ಕಲ್ಲು ತರಚಿತ್ತು. ಇನ್ನೊಬ್ಬನಿಗೆ ಏನೂ ಆಗಿರಲಿಲ್ಲ; ಕಲ್ಲು ಪಕ್ಕದಲ್ಲಿ ಬಿತ್ತೆಂದು ಅದನ್ನೂ ಬರೆಸಿದ. ಅವರ ಮೇಸ್ತ್ರಿ ಮಾರನೆಯ ದಿನವೇ ಆ ಜಾಗಕ್ಕೆ ಮರದ ಕಂಬ ಆನಿಸುತ್ತಿದ್ದ. ಹಾಳೆಗಳು ತುಂಬಿದವು.

ಆಮೇಲೆ ಪಡುವಲ ಗಣಿಯ ಬಾಯಲ್ಲಿ ಒಂದು ತಿಂಗಳು ಕೂತ. ಅಲ್ಲಿಯವರು "ಏನೂ ಇಲ್ಲ ಸ್ವಾಮಿ" ಎಂದು, ಟವೆಲನ್ನು ಕೈಗೆ ಸುತ್ತಿಕೊಂಡು ಮನೆಗೆ ನಡೆಯುತ್ತಿದ್ದರು. ಅವನ ಹಾಳೆ ಬರಿದಾಗಿಯೇ ಉಳಿಯಿತು.

ಪಡುವಲ ಗಣಿಯಲ್ಲಿ ಒಂದು ಪದ್ಧತಿ. ತಿಂಗಳಿಡೀ ಯಾರಿಗೂ ಗಾಯವಾಗದಿದ್ದರೆ ಅಲ್ಲಿಯ ಮೇಸ್ತ್ರಿ ಎಲ್ಲರಿಗೂ ಹೋಳಿಗೆ ಊಟ ಹಾಕಿಸುತ್ತಿದ್ದ. ಒಬ್ಬನಿಗೆ ಗಾಯವಾದರೂ ಊಟ ಯಾರಿಗೂ ಇಲ್ಲ. ಆ ತಿಂಗಳೂ ಊಟ ನಡೆಯಿತು. ಮೂಡಲ ಗಣಿಯನ್ನು ಮುಚ್ಚಬೇಕೆಂದು ವಿದ್ವಾಂಸ ಬರೆದ. ಅದನ್ನು ಎಲ್ಲರಿಗೂ ಓದಿ ಹೇಳಿ, ತಾನೂ ಪಂಕ್ತಿಯಲ್ಲಿ ಕೂತ.

ಎದುರು ಸಾಲಿನಲ್ಲಿ ಮೂವರು ಎಡಗೈಯಲ್ಲಿ ಉಣ್ಣುತ್ತಿದ್ದರು.

"ಯಾಕಪ್ಪಾ ಎಡಗೈ?" ಎಂದು ಅವರಲ್ಲೊಬ್ಬನನ್ನು ಕೇಳಿದ.

"ಹುಟ್ಟಿನಿಂದಲೂ ಎಡಚ, ಸ್ವಾಮಿ."

ಪಕ್ಕದವನು ನಕ್ಕ. "ನಮ್ಮ ಗಣಿಯ ನೀರೇ ಹಂಗೆ ಸ್ವಾಮಿ. ಕುಡಿದವರೆಲ್ಲ ಎಡಚರು."

ಬಡಿಸುತ್ತಿದ್ದವಳು ಗಣಿಯಲ್ಲಿ ಅದುರು ಹೊರುವ ಒಬ್ಬ ಮುದುಕಿ. ಅವಳು ತುಪ್ಪದ ಗಿಂಡಿಯನ್ನು ಕೆಳಗಿಟ್ಟಳು. "ಈ ಎಡಚನನ್ನು ಹೆತ್ತವಳು ನಾನು. ಹೋದ ಅಮಾವಾಸ್ಯೆಯವರೆಗೂ ಬಲಗೈಯಲ್ಲೇ ಉಣ್ಣುತ್ತಿದ್ದ."

"ಸುಮ್ಮನಿರವ್ವ. ಎಲ್ಲರ ಊಟ ಕೆಡಿಸಬೇಡ" ಎಂದ ಮಗ.

"ಸುಡಲಿ ನಿನ್ನ ಊಟ. ಕೈ ಮೇಲೆ ಬಿದ್ದದ್ದು ಬೊಗಸೆಯಷ್ಟು ಕಲ್ಲು. ಅದು ಕಳಚಿದ ಕಡೆ ಕೋಣದಷ್ಟು ಬಂಡೆ ಬಿರುಕು ಬಿಟ್ಟು ನಿಂತಿದೆ ಅಂದವನು ನೀನೇ ತಾನೆ? ನಾಳೆ ಅದರ ಕೆಳಗೆ ನೀನೊಬ್ಬನೇ ಅಲ್ಲ, ಮೂಡಲ ಗಣಿಯವರೂ ಇಳಿಯುತ್ತಾರೆ."

ವಿದ್ವಾಂಸ ಎಲೆ ಬಿಟ್ಟು ಎದ್ದು, ಬರೆದದ್ದನ್ನು ಹರಿದುಹಾಕಿದ. ಮಾರನೆಯ ದಿನ ಯಾರನ್ನೂ ಕೆಲಸಕ್ಕೆ ಇಳಿಯಗೊಡಲಿಲ್ಲ. ಪಡುವಲ ಗಣಿಯ ಮೇಸ್ತ್ರಿಯೊಬ್ಬನೇ ಉದ್ದನೆಯ ಬಿದಿರು ಗಳು ಹಿಡಿದು ಹೋಗಿ, ದೂರದಿಂದ ಆ ಬಂಡೆಯನ್ನು ತಿವಿದ. ಎರಡನೆಯ ಸಲ ತಿವಿಯುವಷ್ಟರಲ್ಲಿ ಅದು ಕಳಚಿ ಬಿತ್ತು.

ಗುರು ಕತೆ ಮುಗಿಸಿದರು.

"ಹಾಗಾದರೆ ಆ ಮೇಸ್ತ್ರಿ ಕೆಟ್ಟವನೇ?" ಎಂದು ಶಿಷ್ಯ ಕೇಳಿದ.

"ಇಲ್ಲಪ್ಪ. ಒಳ್ಳೆಯದಾಗಲೆಂದೇ ಊಟ ಹಾಕಿಸುತ್ತಿದ್ದ. ತುಪ್ಪವನ್ನೂ ಕೈಬಿಚ್ಚಿ ಕೊಡುತ್ತಿದ್ದ."

ಶಿಷ್ಯನ ಮನಸ್ಸು ಹಗುರಾಯಿತು. ಅವನು ಏಳುವಷ್ಟರಲ್ಲಿ ಗುರು ಕೇಳಿದರು:

"ನಿನ್ನ ಮುಂದೆ ಬಂದು ತಪ್ಪು ಒಪ್ಪಿಕೊಂಡ ಕೊನೆಯ ವಿದ್ಯಾರ್ಥಿಗೆ ನೀನು ಏನು ಮಾಡಿದೆ?"