ಅಂಚಿನಿಂದ ಹೊಲಿದ ಕೌದಿ

“ಅಜ್ಜಾರ, ಈ ಹಂಬಲ ಯಾವಾಗ ಹೋಗತೈತ್ರಿ?”

ಮಠಕ್ಕೆ ಹೊಸದಾಗಿ ಸೇರಿದ ಸೋಮಲಿಂಗ ಗುರುಗಳನ್ನು ಹೀಗೆ ಕೇಳಿದ. ಕಣ್ಣು ಮುಚ್ಚಿ ಕುಳಿತರೆ ಅವನಿಗೆ ತೀರಿಹೋದ ತಾಯಿಯ ಮುಖವೇ ಕಾಣುತ್ತಿತ್ತು. ಜಪ ಮುಂದಕ್ಕೆ ಸಾಗುತ್ತಿರಲಿಲ್ಲ. ಊಟದ ಪಂಕ್ತಿಯಲ್ಲಿ ಯಾರೊಡನೆಯೂ ಮಾತಿಲ್ಲ. ಒಂದೇ ಕೋಣೆಯಲ್ಲಿ ಮಗ್ಗುಲಿಗೆ ಮಲಗುವ ಶಿಷ್ಯನ ಜೊತೆಗೂ ಮಾತಿಲ್ಲ.

“ನನಗೊಂದು ಬ್ಯಾರೆ ಖೋಲಿ ಕೊಡ್ರಿ. ಒಬ್ಬನ ಇರತೀನಿ. ಹಂಬಲ ತೀರಿದ ಮ್ಯಾಲೆ ಸಾಧನಾ ಸುರು ಮಾಡತೀನಿ” ಎಂದ.

ಗುರುಗಳು ಕೋಣೆಯ ಮಾತೆತ್ತಲಿಲ್ಲ. ಹೆಗಲ ಮೇಲಿನ ಶಾಲನ್ನು ಸರಿಮಾಡಿಕೊಂಡು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಫಕೀರವ್ವ ಎಂಬ ಸೊಸೆ ಇದ್ದಳು. ಹೊಳೆಯಾಚೆಯ ಊರಿನಿಂದ ಬಂದವಳು. ಮದುವೆಯಾದ ವರ್ಷವೇ ಅವಳ ತಾಯಿ ತೀರಿಕೊಂಡಳು. ಹೊಳೆ ತುಂಬಿ ಹರಿಯುತ್ತಿದ್ದುದರಿಂದ ಮಗಳಿಗೆ ಮಣ್ಣಿಗೆ ಹೋಗುವುದಕ್ಕೂ ಆಗಲಿಲ್ಲ. ನೀರು ಇಳಿದ ಮೇಲೆ ಅಣ್ಣ ಬಂದ. ತಾಯಿಯ ಒಂದು ಇಳಕಲ್ ಸೀರೆಯನ್ನು ಕೈಗಿತ್ತು, ಕಣ್ಣೊರೆಸಿಕೊಂಡು ಹೋದ. ನೀಲಿ ಒಡಲು, ಕೆಂಪು ಸೆರಗು; ಉಟ್ಟು ಉಟ್ಟು ಮೆತ್ತಗಾಗಿತ್ತು.

ಚಳಿಗಾಲ ಬಂತು. ಗಂಡ ಜೋಳದ ಹೊಲ ಕಾಯಲು ಹೋಗುತ್ತಿದ್ದ. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಅತ್ತೆ ಸೊಸೆಯ ಹಾಸಿಗೆಯ ಮೇಲೆ ಒಂದು ಕೌದಿ ಇಟ್ಟಳು. ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಹಾಸಿ ಕೈಯಿಂದಲೇ ಹೊಲಿದ ಕೌದಿ. ಆ ಸೀಮೆಯಲ್ಲಿ ಮನೆಮನೆಗೂ ಇರುವಂಥದು. ಫಕೀರವ್ವ ಅದನ್ನು ಮಡಿಸಿ ತಲೆದೆಸೆಗೆ ಇಟ್ಟಳು. ಹೊದ್ದರೆ ತನ್ನ ತಾಯಿಯದನ್ನೇ ಹೊದೆಯಬೇಕು ಎಂಬುದು ಅವಳ ಹಟ. ತವರಿನಲ್ಲಿ ತಾಯಿ ಮಗಳು ಒಂದೇ ಕೌದಿಯೊಳಗೆ ಮಲಗುತ್ತಿದ್ದರು. ತಾಯಿಗೆ ನಿದ್ದೆ ಹತ್ತಿದ ಮೇಲೂ ಅವಳ ಕೈ ಮಗಳ ಬೆನ್ನ ಮೇಲೆಯೇ ಇರುತ್ತಿತ್ತು. ಫಕೀರವ್ವನಿಗೆ ಬೇಕಾಗಿದ್ದದ್ದು ಆ ಕೈ. ಹಟ ಮಾಡುವವರಿಗೆ ಚಳಿ ಆಗುವುದಿಲ್ಲವೆಂದೇನಿಲ್ಲ. ಹಲ್ಲು ಕಟಕಟ ಅನ್ನುತ್ತಿದ್ದವು. ಅತ್ತೆಗೆ ಅದು ಕೇಳಿಸುತ್ತಿತ್ತು. ಮಡಿಸಿಟ್ಟ ಕೌದಿಯೂ ಕಾಣುತ್ತಿತ್ತು. ಆದರೆ ಅವಳು ಮಾತು ಕಡಿಮೆಯ ಹೆಂಗಸು. ಸೊಸೆ ಅವಳೆದುರು ನಿಲ್ಲಲು ಅಂಜುತ್ತಿದ್ದಳು.

ತಾಯಿಯ ಸೀರೆಯಿಂದ ತಾನೇ ಒಂದು ಕೌದಿ ಹೊಲಿಯಬೇಕೆಂದು ಫಕೀರವ್ವ ನಿಶ್ಚಯಿಸಿದಳು. ಹೊಲಿಯಲು ಬರುತ್ತಿರಲಿಲ್ಲ. ಬರುವ ವರ್ಷ ಕಲಿಸುತ್ತೇನೆ ಎಂದು ತಾಯಿ ಪ್ರತಿ ವರ್ಷ ಹೇಳುತ್ತಿದ್ದಳು, ಕಲಿಸುವುದು ಉಳಿದೇ ಹೋಯಿತು. ಸೆರಗನ್ನು ಸೀರೆಯಿಂದ ಬೇರೆ ಮಾಡಿದಳು. ತನ್ನದೊಂದು ಹಳೆಯ ಸೀರೆಯನ್ನು ನೆಲಕ್ಕೆ ಹಾಸಿ, ಸರಿಯಾಗಿ ನಡುವೆ ಆ ಕೆಂಪು ಸೆರಗನ್ನು ಇಟ್ಟು, ಅಲ್ಲಿಂದಲೇ ಹೊಲಿಯತೊಡಗಿದಳು. ಮನಸ್ಸಿಗೆ ಬೇಕಾದದ್ದು ಅದೊಂದೇ. ಸುತ್ತಲಿನದು ಆಮೇಲೆ ನೋಡಿದರಾಯಿತು ಎಂದುಕೊಂಡಳು.

ಅಡಿಬಟ್ಟೆಗೆ ಎಲ್ಲಿಯೂ ಹಿಡಿತವಿರಲಿಲ್ಲ. ಸೂಜಿ ಎಳೆದ ಕಡೆಗೆ ಅದು ಸರಿಯಿತು. ಸೆರಗು ಸುಕ್ಕುಗಟ್ಟಿತು. ದಾರ ಬಿಚ್ಚಿ ಮತ್ತೆ ಹೊಲಿದಳು. ಮತ್ತೆ ಸುಕ್ಕು. ಮತ್ತೆ ಬಿಚ್ಚಿದಳು. ಹಳೆಯ ಬಟ್ಟೆ ಎಷ್ಟೆಂದು ತಾಳೀತು? ಸೂಜಿ ಆಡಿದಲ್ಲೆಲ್ಲ ಎಳೆ ಸಡಿಲವಾಗಿ, ಒಂದು ಮಧ್ಯಾಹ್ನ ಸೆರಗು ಬೆರಳುದ್ದ ಪಿಸಿದುಹೋಯಿತು. ಫಕೀರವ್ವ ಬಾಯಿಗೆ ಕೈ ಒತ್ತಿಕೊಂಡು ಅತ್ತಳು. ತಾಯಿಯದೆಂದು ಉಳಿದದ್ದು ಅದೊಂದು ಸೀರೆ. ಅದನ್ನೂ ಕೈಯಾರೆ ಹಾಳು ಮಾಡುತ್ತಿದ್ದೇನಲ್ಲ ಎಂದು ಅವಳ ಎದೆ ಒಡೆಯಿತು.

ಅದೇ ಓಣಿಯಲ್ಲಿ ಕೌದಿ ಹೊಲಿಯುವ ಮುದುಕಿಯೊಬ್ಬಳಿದ್ದಳು. ಫಕೀರವ್ವ ಬಟ್ಟೆಯನ್ನು ಬಗಲಲ್ಲಿ ಇಟ್ಟುಕೊಂಡು ಅವಳ ಬಳಿಗೆ ಹೋದಳು. ಮುದುಕಿ ಅದನ್ನು ಮೊಣಕಾಲ ಮೇಲೆ ಹರಡಿ ಅಂಗೈಯಿಂದ ಸವರಿದಳು.

“ಎಲ್ಲಿಂದ ಸುರು ಮಾಡೀದಿ?”

“ನಡುವಿಂದ. ನಮ್ಮವ್ವನ ಸೆರಗಿಂದ.”

“ಅದಕ್ಕ ಹಿಂಗಾಗೇತಿ. ಅಂಚಿನಿಂದ ಹೊಲಕೋತ ಸುತ್ತ ಬರಬೇಕವ್ವಾ. ನಡುವಿಗೆ ಕಡೀಕ ಮುಟ್ಟಬೇಕು.”

“ಅಂಚಿಗೆ ಹಾಕಾಕ ನನ್ನ ಹತ್ರ ಬಟ್ಟಿ ಎಲ್ಲೈತಿ, ಆಯಿ?”

“ನಿನ್ನ ಹತ್ರ ಯಾಕ ಇರಬೇಕು? ಮನ್ಯಾಗ ಕೇಳು.”

ಅಷ್ಟು ಹೇಳಿ ಮುದುಕಿ ತನ್ನ ಸೂಜಿಗೆ ದಾರ ಪೋಣಿಸತೊಡಗಿದಳು.

ಹೇಳುವುದು ಸುಲಭ. ಫಕೀರವ್ವ ಆ ಮನೆಯಲ್ಲಿ ಕೊಟ್ಟದ್ದನ್ನು ಉಂಡಿದ್ದಳು, ಹೇಳಿದ್ದನ್ನು ಮಾಡಿದ್ದಳು. ನನಗೆ ಇಂಥದು ಬೇಕು ಎಂದು ಬಾಯಿ ಬಿಟ್ಟಿರಲಿಲ್ಲ. ಬೇಡಿದರೆ ತಾನು ಇವರವಳಾಗಿಬಿಡುತ್ತೇನೆ, ತವರು ಅಲ್ಲಿಗೆ ಮುಗಿದುಹೋಗುತ್ತದೆ ಎಂಬ ಅಂಜಿಕೆ ಅವಳಿಗೆ. ಅಡುಗೆಮನೆಯ ಬಾಗಿಲವರೆಗೆ ಹೋಗುವಳು, ಸುಮ್ಮನೆ ತಿರುಗಿ ಬರುವಳು. ಕಡೆಗೆ ಪಿಸಿದ ಸೆರಗನ್ನು ಕೈಯಲ್ಲಿ ಹಿಡಿದುಕೊಂಡೇ ಅತ್ತೆಯ ಮುಂದೆ ನಿಂತಳು.

“ಅತ್ತಿ, ಅಂಚಿಗೆ ಹಾಕಾಕ ಒಂದು ಹಳೇ ಸೀರಿ ಇದ್ರ ಕೊಡ್ರಿ.”

ಅತ್ತೆ ಸೆರಗನ್ನು ನೋಡಿದಳು, ಸೊಸೆಯ ಮುಖವನ್ನು ನೋಡಿದಳು. ಒಳಗೆ ಹೋಗಿ ಪೆಟ್ಟಿಗೆ ತೆಗೆದಳು. ಅದರ ತಳದಿಂದ ಒಂದು ಹಸಿರು ಸೀರೆಯನ್ನು ತಂದು ಸೊಸೆಯ ಮುಂದಿಟ್ಟಳು. ಮಡಿಕೆಯ ಗೆರೆಗಳಲ್ಲಿ ಬಣ್ಣ ಮಾಸಿತ್ತು. ಅದನ್ನು ಬಿಚ್ಚಿ ಎಷ್ಟೋ ಕಾಲವಾಗಿತ್ತು.

“ನಮ್ಮವ್ವಂದು. ಸಾವಂತ್ರವ್ವ ಅಂತ ಆಕೀ ಹೆಸರು. ಈ ಮನ್ಯಾಗ ಇಷ್ಟ ದಿನಾ ಆಕೀ ಹೆಸರೇನಂತ ಯಾರೂ ಕೇಳಿರಲಿಲ್ಲ.”

ಫಕೀರವ್ವ ಆ ಸೀರೆಯ ಮೇಲೆ ಕೈಯಾಡಿಸಿದಳು. ಇಷ್ಟು ದಿನ ಒಂದೇ ಸೂರಿನಡಿ ಇದ್ದರೂ, ಅತ್ತೆಗೂ ಒಬ್ಬ ತಾಯಿ ಇದ್ದಳು ಎಂಬುದು ಅವಳ ಮನಸ್ಸಿಗೆ ಬಂದಿರಲೇ ಇಲ್ಲ.

ಇಬ್ಬರೂ ಅಡಿಬಟ್ಟೆಯ ಎರಡು ಕಡೆ ಕೂತರು. ಅತ್ತೆಯೇ ಹಸಿರು ಸೀರೆಯನ್ನು ಹರಿದಳು. ಅಂಚು ಮಡಿಚಿ ಮೂಲೆಯಿಂದ ಹೊಲಿಗೆ ಹಾಕುವುದನ್ನು ತೋರಿಸಿದಳು. ಮೊದಲ ಸುತ್ತು ಸಾವಂತ್ರವ್ವನ ಸೀರೆಯದು. ಅದರ ಒಳಗೆ ಫಕೀರವ್ವನ ಗಂಡನ ಧೋತರ, ಅದರ ಒಳಗೆ ಓಣಿಯವರು ಕೊಟ್ಟ ಚೂರುಪಾರು. ಫಕೀರವ್ವನ ಕಣ್ಣು ಮಾತ್ರ ಬರಿದಾಗಿದ್ದ ನಡುವಿನ ಮೇಲೆಯೇ. ಸೂಜಿ ಬೆರಳಿಗೆ ಚುಚ್ಚುತ್ತಿತ್ತು. “ಕೈ ಎಲ್ಲೈತಿ ಅಲ್ಲಿ ನೋಡು” ಎಂದು ಅತ್ತೆ ಗದರಿಸುತ್ತಿದ್ದಳು. ಗದರಿಸಿದವಳೇ ಮತ್ತೆ ಸಾವಂತ್ರವ್ವನ ಸುದ್ದಿ ತೆಗೆಯುತ್ತಿದ್ದಳು. ಆಕೆಗೆ ಸಿಟ್ಟು ಬಹಳವಂತೆ. ಸಿಟ್ಟು ಬಂದರೆ ಊಟ ಬಿಟ್ಟು, ಎಲ್ಲರೂ ಉಂಡ ಮೇಲೆ ಮೆಲ್ಲಗೆ ಎದ್ದು ಉಣ್ಣುತ್ತಿದ್ದಳಂತೆ. ಫಕೀರವ್ವನಿಗೆ ನಗು ಬಂತು. ತನ್ನ ತಾಯಿಯ ಸುದ್ದಿಯನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಅತ್ತಳು. ಅತ್ತೆ ಹೊಲಿಗೆ ನಿಲ್ಲಿಸಿ, ಅವಳು ಅತ್ತು ಮುಗಿಸುವವರೆಗೆ ಕಾದಳು.

ಹೀಗೆ ಸುತ್ತು ಬರುತ್ತಾ ನಡುವಿಗೆ ಬಂದರು. ಪಿಸಿದ ಭಾಗವನ್ನು ಒಳಗೆ ಮಡಿಚಿ ಕೆಂಪು ಸೆರಗನ್ನು ಹಾಸಿದರೆ ಒಂದು ಸುಕ್ಕೂ ಇಲ್ಲದೆ ಕೂತಿತು. ಈಗ ಅದನ್ನು ನಾಲ್ಕೂ ಕಡೆ ಹಿಡಿದುಕೊಳ್ಳಲು ಸುತ್ತಲಿನವರ ಬಟ್ಟೆಗಳಿದ್ದವು.

ಆ ಊರಿನ ಪದ್ಧತಿ ಒಂದಿತ್ತು. ಕೌದಿಯ ನಡುವನ್ನು ಪೂರ್ತಿ ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ಊಟ ಇಡುತ್ತಿದ್ದರು. ಕೌದಿ ಹಸಿದಿರಬಾರದು ಎನ್ನುತ್ತಿದ್ದರು.

“ನಿಮ್ಮವ್ವಗ, ನಮ್ಮ ಬೀಗತಿಗೆ ಏನು ಸೇರತಿತ್ತು?” ಎಂದು ಅತ್ತೆ ಕೇಳಿದಳು.

“ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ.”

ಅತ್ತೆ ಎದ್ದು ಒಲೆ ಹೊತ್ತಿಸಿದಳು. ರೊಟ್ಟಿ ಬಡಿದು, ಬೇಯಿಸಿ, ಒಂದು ಚೂರು ಮುರಿದು ಸೊಸೆಯ ಕೈಗೆ ಕೊಟ್ಟಳು. ಫಕೀರವ್ವ ಅದನ್ನು ಸೆರಗಿನ ಕೆಳಗೆ ಇಟ್ಟಳು. ಆಮೇಲೆ ರೊಟ್ಟಿಯಿಂದ ತಾನೂ ಒಂದು ಚೂರು ಮುರಿದು ಅತ್ತೆಯ ಕಡೆ ಚಾಚಿದಳು.

“ಇದು ಸಾವಂತ್ರವ್ವಾಯಿಗೆ.”

ಅತ್ತೆ ಅದನ್ನೂ ಒಳಗಿಟ್ಟಳು. ಕಡೆಯ ಹೊಲಿಗೆ ಹಾಕುವಾಗ ಅವಳಿಗೆ ಕಣ್ಣು ಮಂಜಾಗಿ ಸೂಜಿ ಕಾಣಲಿಲ್ಲ. ಸೊಸೆಯೇ ಗಂಟು ಹಾಕಿದಳು. ಚಳಿ ಇನ್ನೂ ಇತ್ತು. ಇಬ್ಬರೂ ಅದನ್ನೇ ಹೊದ್ದು ಮಲಗಿದರು.

ಗುರುಗಳು ಕತೆ ನಿಲ್ಲಿಸಿದರು. ಸೋಮಲಿಂಗ ಇನ್ನೂ ಏನೋ ಇದೆ ಎಂದು ಕಾದ. ಆಮೇಲೆ ತಾನೇ ಕೇಳಿದ.

“ಆಕೀ ಹಂಬಲ ಹೋತೇನ್ರಿ, ಅಜ್ಜಾರ?”

“ಇಲ್ಲ” ಎಂದರು ಗುರುಗಳು. ಎದ್ದು ನಿಂತು ಶಿಷ್ಯನ ಹೆಗಲ ಮೇಲೆ ಕೈ ಇಟ್ಟರು. “ನಿನ್ನ ಮಗ್ಗಲಾಗ ಮಲಗತಾನಲ್ಲ, ಅವನ ತಾಯಿ ಹೆಸರೇನಪಾ?”

ಸೋಮಲಿಂಗ ಬಾಯಿ ತೆರೆದ. ಹೇಳಲು ಅವನಿಗೆ ಹೆಸರು ಗೊತ್ತಿರಲಿಲ್ಲ.