ಅಳತೆ ಪುಸ್ತಕದ ಮೇಷ್ಟ್ರು

ವಕೀಲ ನಂಜರಾಜಯ್ಯನವರ ಮಗಳು ಗೌತಮಿಗೆ ಹೈಸ್ಕೂಲಿನಲ್ಲಿ ಹೊಸ ವಿಷಯ ಬಂದಿತ್ತು: ಸಂಶೋಧನೆ ಮತ್ತು ವಾದ. ಮನೆಪಾಠಕ್ಕೆಂದು ಬೆಳಿಗ್ಗೆ ಮೂವರು ಎಂ.ಎ. ಮಾಡಿದವರು ಬಂದಿದ್ದರು. ವಕೀಲರು ಮೂವರಿಗೂ ಒಂದೇ ಮಾತು ಎಸೆದರು.

"ಮದುವೆಯಾದಾಗಿನಿಂದ ನನ್ನ ಸೊಂಟ ಮೂವತ್ತೆರಡೇ ಇಂಚು. ಪ್ಯಾಂಟು ಬಿಗಿಯಾಗೋದು ಬಟ್ಟೆ ಕುಗ್ಗಿ. ಇಲ್ಲ ಅನ್ನಿ ನೋಡೋಣ!"

ಮೂವರೂ "ಹೌದು ಸಾರ್" ಅಂದರು.

ವಕೀಲರು ಗುಮಾಸ್ತನ ಮೇಲೆ ಗುಡುಗಿದರು. "ನನ್ನನ್ನು ಸೋಲಿಸೋ ಮೇಷ್ಟ್ರು ಬೇಕು ಕಣಯ್ಯ! ಸಂಜೆಯೊಳಗೆ ಸಿಗದಿದ್ದರೆ ನಾಳೆಯಿಂದ ನೀನೂ ಬರಬೇಡ."

ಸಂಜೆ ಗುಮಾಸ್ತ ದರ್ಜಿ ಖಾಸಿಂ ಸಾಬರನ್ನು ಕರೆತಂದ.

"ಬಟ್ಟೆ ಹೊಲಿಯೋರು ವಾದ ಕಲಿಸ್ತಾರೇನಯ್ಯ?" ಎಂದು ವಕೀಲರು ಗುಮಾಸ್ತನನ್ನು ಕೇಳಿದರು.

ಸಾಬರು ವಾದಕ್ಕೇ ಇಳಿಯಲಿಲ್ಲ. ಅಳತೆ ಪುಸ್ತಕ ಬಿಚ್ಚಿದರು. ವಕೀಲರ ಒಂದೊಂದು ಪ್ಯಾಂಟಿಗೂ ತಾರೀಖು, ಅಳತೆ, ಪಕ್ಕದಲ್ಲಿ ಪಿನ್ನು ಚುಚ್ಚಿದ ಅದೇ ಬಟ್ಟೆಯ ತುಂಡು. ಮೂವತ್ತೆರಡು, ಮೂವತ್ತೈದು, ನಲವತ್ತು.

"ನನ್ನ ಟೇಪೇ ತಪ್ಪಿರಬಹುದು ಸ್ವಾಮಿ" ಎಂದು ಇನ್ನೆರಡು ಟೇಪು ತೆಗೆದಿಟ್ಟರು. ಆಮೇಲೆ ಕೊನೆಯ ಪ್ಯಾಂಟಿನ ಬಟ್ಟೆಯ ಎರಡು ತುಂಡು. "ಒಂದೇ ಅಳತೆಗೆ ಕತ್ತರಿಸಿದ್ದು. ಗುಮಾಸ್ತರು ವಿಷಯ ಹೇಳಿದ ಮೇಲೆ ಇದನ್ನು ಮೂರು ಸಲ ಒಗೆದೆ. ಅದನ್ನು ನೀರಿಗೇ ಹಾಕಿಲ್ಲ."

ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಪುಸ್ತಕದ ವಿಷಯ ಗೊತ್ತಿದ್ದೇ ಗುಮಾಸ್ತ ಸಾಬರನ್ನು ಕರೆತಂದಿದ್ದ. ಆದರೆ ತನ್ನ ಟೇಪನ್ನೇ ಮೊದಲು ಅನುಮಾನಿಸುವ ಮನುಷ್ಯನನ್ನು ಅವನು ಕೋರ್ಟಿನಲ್ಲೂ ಕಂಡಿರಲಿಲ್ಲ.

ವಕೀಲರು ಕುರ್ಚಿ ಹಿಂದಕ್ಕೆ ತಳ್ಳಿದರು. ಎದ್ದು ನೆಟ್ಟಗೆ ನಿಂತರು. "ಈಗ ಅಳೆಯಿರಿ!"

ಸಾಬರು ಟೇಪನ್ನು ಗೌತಮಿಯ ಕೈಗೆ ಕೊಟ್ಟರು. ಅವಳು ಅದನ್ನು ಅಪ್ಪನ ಸೊಂಟಕ್ಕೆ ಸುತ್ತಿದಳು. ಅಂಕಿ ನೋಡುವ ಮೊದಲು ಅಪ್ಪನ ಮುಖ ನೋಡಿದಳು.

"ಅಪ್ಪಾ, ಮೊದಲು ಉಸಿರು ಬಿಡಿ."