ಕಲ್ಲೆದೆ ತಿಪ್ಪಕ್ಕ

ಬಲು ಹಿಂದೆ, ಒಂದೂರಲ್ಲಿ. ಒಂದೂರು ಅಂದ್ನಾ? ಎರಡೂರು ಅನ್ನಿ. ಗುಡ್ಡದ ಈ ಕಡೆ ನಮ್ಮ ಮೂಡಲಹಟ್ಟಿ, ಆ ಕಡೆ ಪಡುವಲಹಟ್ಟಿ. ಎಷ್ಟು ಹಿಂದೆ ಅಂತ ಯಾರೂ ಕೇಳ್ಬೇಡಿ. ನಮ್ಮಜ್ಜಿಯ ಅಜ್ಜಿಗೂ ಅದು ಹಳೇ ಮಾತೇ ಆಗಿತ್ತು. ಆಗ ಗುಡ್ಡ ಇನ್ನೂ ಉಸಿರಾಡ್ತಿತ್ತಂತೆ. ನಗಬೇಡಿ. ನಗೋರು ಎದ್ದು ಹೋಗಿ ದನಕ್ಕೆ ನೀರು ಕುಡಿಸಿ, ಕೇಳೋರು ಕೂತ್ಕಳಿ.

ಆ ಗುಡ್ಡದ ನೆತ್ತಿ ಮೇಲೆ, ಅತ್ತಲಾಗೂ ಸೇರದೆ ಇತ್ತಲಾಗೂ ಸೇರದೆ, ಒಂದು ಗುಡಿಸ್ಲು ಇತ್ತಂತೆ. ಅದರಲ್ಲಿ ತಿಪ್ಪಕ್ಕ ಅಂತ ಒಬ್ಬಳು ಹೆಂಗಸು. ಕಲ್ಲು ಒಡೆಯೋ ಜನದ ಜೊತೆ ಎಲ್ಲಿಂದಲೋ ಬಂದೋಳು. ಕೆಲಸ ಮುಗಿದ ಮೇಲೆ ಜೊತೆಗಿದ್ದೋರೆಲ್ಲ ಮುಂದಿನೂರಿಗೆ ಹೋದ್ರು, ಇವಳು ಹೋಗ್ಲಿಲ್ಲ. ಯಾಕವ್ವಾ ಅಂದ್ರೆ, ಈ ಗುಡ್ಡ ಇನ್ನೂ ಮಾತು ಮುಗಿಸಿಲ್ಲ ಅಂದ್ಲಂತೆ.

ಅವಳು ಮಾಡ್ತಿದ್ದದ್ದು ಇಷ್ಟೇ. ಸಣ್ಣ ಸುತ್ತಿಗೇಲಿ ಬಂಡೆಗೆ ಒಂದು ಏಟು, ಆಮೇಲೆ ಕಿವಿ ಇಟ್ಟು ಕೇಳೋದು. ಒಳಗೆ ಗಟ್ಟಿ ಇದ್ರೆ ಬಂಡೆ ಗಂಟೆ ಹಂಗೆ ಅಂತೈತೆ, ಬಿರುಕಿದ್ರೆ ಸೀಳಿದ ಗಡಿಗೆ ಹಂಗೆ ಅಂತೈತೆ. ಅದು ಕಲ್ಲು ಕೆಲಸದೋರಿಗೆಲ್ಲ ಗೊತ್ತಿರೋದೇ. ಆದ್ರೆ ತಿಪ್ಪಕ್ಕ ಸದ್ದು ನಿಂತ ಮೇಲೂ ಕಿವಿ ತೆಗೀತಿರ್ಲಿಲ್ಲವಂತೆ. ಹೊತ್ತು ಏರಿದ್ರೂ ತೆಗೀತಿರ್ಲಿಲ್ಲವಂತೆ. ಈ ಬಂಡೆ ಒಂದು ಕಾಲಕ್ಕೆ ಗಂಜಿ ಕುದ್ದಂಗೆ ಕುದೀತಿತ್ತು, ಇಗೋ ಇಲ್ಲಿ ತಣ್ಣಗಾಗಿ ಕೆನೆ ಕಟ್ತು, ಅಲ್ಲಿ ನೋಡು ಸೀದಿರೋದು ಅಂತ ತೋರಿಸ್ತಿದ್ಲಂತೆ. ಜನ ಅವಳಿಗೆ ತಲೆ ಕೆಟ್ಟೈತೆ ಅಂದ್ರು. ಕೆಟ್ಟಿರಲಿ, ಅವಳು ತೋರಿಸಿದ ಕಡೆ ತೋಡಿದ ಬಾವೀಲಿ ನೀರು ಬಂತು.

ಒಂದಿನ ಸೌದೆ ಹೊತ್ತು ಗುಡ್ಡ ಇಳೀತಿದ್ದ ಹೆಂಗಸೊಬ್ಬಳು ಏದುಸಿರು ಬಿಡ್ತಾ ಅವಳ ಗುಡಿಸ್ಲ ಮುಂದೆ ಕುಸಿದು ಬಿದ್ಲಂತೆ. ತಿಪ್ಪಕ್ಕನಿಗೆ ಗೊತ್ತಿದ್ದ ವಿದ್ಯೆ ಒಂದೇ ತಾನೇ? ಆ ಹೆಂಗಸಿನ ಬೆನ್ನಿಗೆ ಕಿವಿ ಇಟ್ಲಂತೆ. ಇಟ್ಟೋಳು ಬೆರಗಾಗಿ ಕೂತ್ಲಂತೆ. ಗುಡ್ಡಕ್ಕಿಂತ ದೊಡ್ಡ ಸದ್ದು ಐತಲ್ಲೇ ಇದರೊಳಗೆ ಅಂದ್ಲಂತೆ. ಆವತ್ತಿಂದ ಎರಡೂ ಊರ ಜನದ ಬೆನ್ನಿಗೆ ಕಿವಿ ಇಟ್ಟು ಕೇಳೋಕೆ ಶುರು ಮಾಡಿದ್ಲು. ಯಾರೆದೆ ನೆಟ್ಟಗೆ ನಡೀತೈತೆ, ಯಾರೆದೆ ಕುಂಟ್ತೈತೆ, ಎಲ್ಲ ಅವಳ ಕಿವೀಲಿ ಇರ್ತಿತ್ತಂತೆ. ಕೆಲವರಿಗೆ ಬೇರು ತೇದು ಕೊಟ್ಲು, ಕೆಲವರಿಗೆ ಹೊರೆ ಹೊರಬೇಡ ಅಂದ್ಲು, ಕೆಲವರಿಗೆ ಸುಮ್ನೆ ತಲೆ ಸವರಿ ಕಳಿಸಿದ್ಲು. ಬೇರೆ ಊರಲ್ಲಿ ಕಲ್ಲೆದೆಯೋಳು ಅಂದ್ರೆ ಬೈಗುಳ. ನಮ್ಮ ಗುಡ್ಡದ ಸುತ್ತ ಅದು ಹೊಗಳಿಕೆ, ಅವಳಿಂದ.

ಈಗ ಗವಿ ಮಾತಿಗೆ ಬರ್ತೀನಿ. ಗುಡ್ಡದ ಹೊಟ್ಟೇಲಿ ಒಂದು ಗವಿ, ಎರಡು ಬಾಯಿ, ಒಂದು ನಮ್ಮ ಕಡೆ, ಒಂದು ಅವರ ಕಡೆ. ಒಳಗಿದ್ದ ಕಲ್ಲು ಮಾಗಿ ಚಳೀಲೂ ಬೆಚ್ಚಗಿರ್ತಿತ್ತಂತೆ. ಕತ್ತಲಲ್ಲಿ ಹಿಡಿದ್ರೆ ಮಿಣುಕುಹುಳದಷ್ಟು ಬೆಳಕು ಕೊಡ್ತಿತ್ತಂತೆ. ಮೊದಮೊದಲು ಜನ ಅದನ್ನ ತಂದು ಬಾಣಂತಿ ಮಂಚದ ಕೆಳಗೆ ಇಟ್ರು. ಮುದುಕರು ಮೊಣಕಾಲಿಗೆ ಕಟ್ಕೊಂಡ್ರು. ಆಮೇಲೆ ಕೂದಲು ಉದುರೋಕೆ ಶುರುವಾಯ್ತು, ಉಗುರು ಕಪ್ಪಾಯ್ತು, ಗವಿ ಹತ್ರ ಮೇದ ಮೇಕೆ ಕಣ್ಣೇ ಇಲ್ಲದ ಮರಿ ಹಾಕ್ತು. ಯಾವ ದೇವರ ಮುನಿಸು ಅಂತ ಜನ ಕೋಳಿ ಕುಯ್ದ್ರು. ತಿಪ್ಪಕ್ಕ ಕೋಳಿ ಕುಯ್ಯಲಿಲ್ಲ. ಒಂದು ಕುಂಬಳ ಬಳ್ಳಿ ಕಲ್ಲಿನ ಹತ್ರ ನೆಟ್ಲು, ಒಂದು ದೂರ ನೆಟ್ಲು, ಇನ್ನೊಂದು ಇನ್ನೂ ದೂರ. ಕಾದ್ಲು. ಹತ್ರದ್ದು ಬಾಡ್ತು, ದೂರದ್ದು ಕಾಯಿ ಬಿಡ್ತು. ಕಲ್ಲಿಗೆ ಕಿವಿ ಇಟ್ಟು, ಇದು ಇನ್ನೂ ಕುದಿಯೋದು ನಿಲ್ಲಿಸಿಲ್ಲ ಕಣ್ರಪ್ಪ, ಇದನ್ನ ಇದರ ಪಾಡಿಗೆ ಬಿಡಿ ಅಂದ್ಲಂತೆ.

ಬಿಟ್ಟಿದ್ರೆ ಕಥೆ ಮುಗೀತಿತ್ತು. ಮನುಷ್ಯರು ಬಿಡ್ತಾರಾ? ಆ ಕಲ್ಲನ್ನ ಯಾರಾದ್ರೂ ನಮ್ಮ ಬಾವಿಗೆ ಹಾಕಿದ್ರೆ ಏನು ಗತಿ ಅಂತ ಒಬ್ಬ ಅಂದ. ಪಡುವಲಹಟ್ಟಿಯೋರು ಆಗ್ಲೇ ಅಗೀತಾವ್ರಂತೆ ಅಂತ ಇನ್ನೊಬ್ಬ ಅಂದ. ಅಲ್ಲಿಯೋರೂ ನಮ್ಮ ಬಗ್ಗೆ ಅದನ್ನೇ ಅಂದ್ರು. ಯಾರೂ ಅಗೆದಿರ್ಲಿಲ್ಲ, ಎಲ್ಲರೂ ಗುದ್ದಲಿ ಮಸೀತಿದ್ರು. ಅವರು ಅಗೆಯೋಕೆ ಮುಂಚೆ ನಾವು ಅಗೀಬೇಕು ಅನ್ನೋ ಮಾತು ಎರಡೂ ಊರಲ್ಲಿ ಒಂದೇ ಥರ ಹುಟ್ಟಿತ್ತಂತೆ.

ತಿಪ್ಪಕ್ಕ ಆಗ ಕಣದ ಮುದ್ರೆ ನೆನೆಸ್ಕೊಂಡ್ಲಂತೆ. ನಿಮಗೆ ಕಣನೇ ಗೊತ್ತಿಲ್ಲ, ಮುದ್ರೆ ಎಲ್ಲಿ ಗೊತ್ತಿರ್ತೈತೆ. ರಾಗಿ ರಾಶಿ ಹಾಕಿದ ಮೇಲೆ ಅಳೆಯೋ ತನಕ ಯಾರೂ ಮುಟ್ಟಬಾರದು ಅಂತ ಸುತ್ತ ಹಸಿಮಣ್ಣು ಮೆತ್ತಿ, ಕೆತ್ತಿದ ಮರದ ಅಚ್ಚು ಒತ್ತಿಬಿಡೋರು. ಮಣ್ಣಿನ ಮುದ್ರೆ ಯಾವ ಕಳ್ಳನ ಕೈನೂ ಹಿಡಿಯಲ್ಲ. ಆದ್ರೆ ಕೈ ಬಂದಿತ್ತು ಅಂತ ಬೆಳಿಗ್ಗೆ ಹೇಳಿಬಿಡ್ತೈತೆ. ಅದೇ ಥರ ಗವಿಯ ಎರಡು ಬಾಯಿಗೂ ಚಪ್ಪಡಿ ಜೋಡಿಸಿ ಮಣ್ಣು ಮೆತ್ತಿಸಿದ್ಲು. ನಮ್ಮ ಕಡೆ ಬಾಯಿಗೆ ಅವರ ಕಣದ ಚಂದ್ರನ ಮುದ್ರೆ, ಅವರ ಕಡೆ ಬಾಯಿಗೆ ನಮ್ಮ ಕಣದ ಸೂರ್ಯನ ಮುದ್ರೆ. ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಂದ್ಸಲ ಅವರು ಈ ಕಡೆ ಬಂದು ನೋಡ್ಬೇಕು, ನಾವು ಆ ಕಡೆ ಹೋಗಿ ನೋಡ್ಬೇಕು. ಊರೊಳಗೆ ಕಾಲಿಡಬಾರದು, ನೀರು ಕುಡಿಯಬಾರದು, ಮಾತಾಡಬಾರದು, ನೋಡಿ ವಾಪಸ್ ಹೋಗ್ಬೇಕು. ಮಾತಿಗೆ ಮಾತು ಬೆಳೆದು ಜಗಳ ಆದೀತು ಅಂತ ಅವಳೇ ಹಾಕಿದ ಕಟ್ಟಳೆ ಅದು. ಗುದ್ದಲಿಗಳು ಮತ್ತೆ ಹೊಲಕ್ಕೆ ಹೋದ್ವು. ಮಳೆ ಬಂತು, ಮಳೆ ಹೋಯ್ತು, ಮುದ್ರೆ ಹಂಗೇ ಇತ್ತಂತೆ.

ಆ ಹೊತ್ತಿಗೆ ನಮ್ಮೂರಲ್ಲಿ ಕಾಟಯ್ಯ ಅಂತ ಒಬ್ಬ ಇದ್ದ. ಅವನ ಹೆಂಡ್ತಿ ಪಾಲಕ್ಕ. ಅವಳು ಪಡುವಲಹಟ್ಟಿ ಹೆಣ್ಣು, ಅಲ್ಲಿಯ ಗೌಡ ಬೊಮ್ಮಣ್ಣನ ಒಬ್ಬಳೇ ತಂಗಿ. ಊರುಗಳು ಮುನಿಸ್ಕೊಳ್ಳೋಕೆ ಮುಂಚೆ ಆದ ಮದುವೆ. ಗೌಡ ವರ್ಷಾ ವರ್ಷಾ ಚಂದ್ರನ ಮುದ್ರೆ ನೋಡೋಕೆ ಗುಡ್ಡದ ಈ ಕಡೆ ಬರ್ತಿದ್ದ. ಅಲ್ಲಿ ನಿಂತ್ರೆ ತಂಗಿ ಮನೆ ಹೊಗೆ ಕಾಣ್ತಿತ್ತಂತೆ. ಹೊಗೆ ನೋಡಿ ವಾಪಸ್ ಹೋಗ್ತಿದ್ದ, ಕಟ್ಟಳೆ ಮೀರಬಾರದು ನೋಡಿ.

ಪಾಲಕ್ಕನ ಎದೆ ಕುಂಟೋಕೆ ಶುರುವಾಯ್ತು. ಒಂದು ಬಿಂದಿಗೆ ಎತ್ತಿದ್ರೆ ಸುಸ್ತು, ಕಾಲು ಊದ್ಕೊಂಡ್ವು, ಮಲಗಿದ್ರೆ ಉಸಿರು ಸಿಗ್ತಿರ್ಲಿಲ್ಲವಂತೆ. ತಿಪ್ಪಕ್ಕ ಬಂದು ಬೆನ್ನಿಗೆ ಕಿವಿ ಇಟ್ಟು ಬಹಳ ಹೊತ್ತು ಕೇಳಿದ್ಲು. ಎದೆ ಒಳಗೊಂದು ಕದ ಐತೆ ಕಣಪ್ಪ, ಇವಳದ್ದು ಸರಿಯಾಗಿ ಮುಚ್ಕೊಳ್ಳಲ್ಲ, ಇದು ನನ್ನ ಕೈಲಾಗಲ್ಲ ಅಂತ ಕಾಟಯ್ಯನಿಗೆ ಹೇಳಿದ್ಲಂತೆ. ಸುಳ್ಳು ಹೇಳಿ ಸಮಾಧಾನ ಮಾಡೋದು ಅವಳಿಗೆ ಬರ್ತಿರ್ಲಿಲ್ಲ. ಪಾಲಕ್ಕ ಮಾತ್ರ ಔಷಧಿ ಕೇಳ್ಲಿಲ್ಲ. ತಿಪ್ಪಕ್ಕ ಹೋದ ಮೇಲೆ, ಅಣ್ಣನ್ನ ಒಂದ್ಸಲ ಕರೆಸಿ ಅಂತ ಗಂಡನಿಗೆ ಅಂದ್ಲಂತೆ. ಬೆಳಿಗ್ಗೆ ಅದನ್ನೇ ಅಂದ್ಲು, ಸಂಜೆ ಅದನ್ನೇ ಅಂದ್ಲು.

ಕಾಟಯ್ಯ ಏನು ಮಾಡ್ಬೇಕು? ಗುಡ್ಡ ದಾಟಿ ಆ ಊರಿಗೆ ಹೋದ್ರೆ ಇವನು ಗುಟ್ಟು ಮಾರೋಕೆ ಹೋದ ಅಂತ ನಮ್ಮೋರೇ ಕಾಲು ಮುರೀತಾರೆ. ಅಲ್ಲಿಯೋರು ಕಂಡ್ರೆ ಕವಣೆ ಬೀಸ್ತಾರೆ. ಹೆಂಡ್ತಿ ಕೈ ನೋಡಿದ್ರೆ ತಣ್ಣಗೆ, ತೊಳೆದಿಟ್ಟ ತಟ್ಟೆ ಹಂಗೆ. ಬೆಚ್ಚಗಿರೋ ಕಲ್ಲು ಅವನಿಗೆ ನೆನಪಾಯ್ತು. ತಣ್ಣಗಾಗಿರೋ ಎದೆಗೆ ಬೆಚ್ಚಗಿರೋದನ್ನ ಇಟ್ರೆ ಕದ ಮುಚ್ಕೊಂಡೀತೇನೋ ಅಂತ ಆಸೆ. ಜನ ಬಯಲಲ್ಲಿ ಹುಲ್ಲು ಕುಯ್ಯೋ ಹೊತ್ತಲ್ಲಿ ಹೋಗಿ ಮುದ್ರೆ ಒಡೆದ, ಮುಷ್ಟಿಯಷ್ಟು ಕಲ್ಲು ತಗಂಡ, ಚಪ್ಪಡಿ ಮತ್ತೆ ಜೋಡಿಸಿ ಮಣ್ಣು ಮೆತ್ತಿದ. ಅಚ್ಚು ಅವರ ಊರಲ್ಲಿ. ಹೆಬ್ಬೆರಳ ಉಗುರಲ್ಲೇ ಚಂದ್ರ ಬರೆದ್ನಂತೆ, ಬಡಪಾಯಿ. ಅದು ಮುರಿದ ಬಳೆ ಹಂಗೆ ಕಾಣ್ತಿತ್ತಂತೆ. ನೋಡಿ, ಅವನಿಗೆ ಮುದ್ರೆ ಒಡೆಯೋದು ಸುಲಭವಾಯ್ತು, ಭಾವನ್ನ ಕರೆಯೋದು ಕಷ್ಟವಾಯ್ತು.

ಸುಗ್ಗಿ ಮುಗೀತು. ಆವತ್ತು ಬೆಳಿಗ್ಗೆ ತಿಪ್ಪಕ್ಕ ಪಾಲಕ್ಕನ ಬೆನ್ನಿಗೆ ಕಿವಿ ಇಡೋಕೆ ಹೋದ್ಲು. ಬೆನ್ನ ಚರ್ಮ ಸುಟ್ಟಂಗೆ ಕೆಂಪಾಗಿತ್ತು, ದಿಂಬಿನ ಪಕ್ಕ ಬಟ್ಟೆ ಗಂಟು ಬೆಚ್ಚಗಿತ್ತು. ಅವಳು ಗಂಟನ್ನ ತಗಂಡು ಬಳಪದ ಕಲ್ಲಿನ ದಪ್ಪ ಮರಿಗೆಯೊಳಗೆ ಇಟ್ಟು, ಮೇಲೊಂದು ಕಲ್ಲು ಮುಚ್ಚಿ, ಹೊಸ್ತಿಲಾಚೆ ದೂರ ಇಟ್ಲು. ಅಷ್ಟರಲ್ಲಿ ಗುಡ್ಡದ ಮೇಲಿಂದ ಗದ್ದಲ ಕೇಳಿಸ್ತು. ಬೊಮ್ಮಣ್ಣಗೌಡ ಬಂದು ಆ ಮುರುಕು ಚಂದ್ರನ್ನ ನೋಡಿಬಿಟ್ಟಿದ್ದ.

ಅವಳು ಏರಿ ಹೋಗೋ ಹೊತ್ತಿಗೆ ಅತ್ತಲಿಂದ ಒಂದೂರು, ಇತ್ತಲಿಂದ ಒಂದೂರು ಬಂದು ನಿಂತಿತ್ತಂತೆ. ಕುಡುಗೋಲು, ಕವಣೆ, ದೊಣ್ಣೆ. ಯಾರು, ಯಾರು ಒಡೆದೋರು ಅಂತ ಗೌಡ ಗರ್ಜಿಸ್ತಿದ್ದ. ಕಾಟಯ್ಯ ಜನದ ನಡುವೆ ಬೆವರ್ತಾ ನಿಂತಿದ್ದ. ತಿಪ್ಪಕ್ಕ ಎರಡೂರ ನಡುವೆ ಹೋಗಿ ನಿಂತು, ಯಾರು ಅಂತ ನನಗೆ ಗೊತ್ತು, ಯಾಕೆ ಅಂತ ಮೊದಲು ಕೇಳು ಗೌಡ ಅಂದ್ಲಂತೆ. ಗೌಡ, ಯಾಕೆ ಅನ್ನೋದು ಕಟ್ಕೊಂಡು ನನಗೇನಾಗ್ಬೇಕು, ನಿನ್ನ ಮುದ್ರೆನೇ ಹೇಳ್ತಲ್ಲ, ಸಾಕು ಅಂದ. ಮುದ್ರೆ ಹೇಳಿದ್ದು ಕೈ ಬಂದಿತ್ತು ಅಂತ ಮಾತ್ರ, ಅದಕ್ಕಿಂತ ಜಾಸ್ತಿ ಅದಕ್ಕೆ ಗೊತ್ತಿಲ್ಲ ಅಂದ್ಲಂತೆ ತಿಪ್ಪಕ್ಕ. ಅಂದು, ಬಾ ಅಂತ ಇಳಿಯೋಕೆ ಶುರು ಮಾಡಿದ್ಲು. ಗೌಡ ಕುಡುಗೋಲು ಹಿಡ್ಕೊಂಡೇ ಹಿಂದೆ ಬಂದ. ಅವಳು ನಿಂತ ಬಾಗಿಲು ನೋಡಿ ಅವನ ಹೆಜ್ಜೆ ತಡವರಿಸ್ತಂತೆ. ತಂಗೀನ ಧಾರೆ ಎರೆದು ಕೊಟ್ಟು ತಾನೇ ಕಣ್ಣೊರೆಸ್ಕೊಂಡು ಆಚೆ ಬಂದ ಬಾಗಿಲು ಅದು.

ಒಳಗೆ ಪಾಲಕ್ಕ ಗೋಡೆಗೆ ಒರಗಿದ್ಲು. ಅಣ್ಣನ್ನ ನೋಡಿ ಏಳೋಕೆ ಹೋದ್ಲು, ಆಗ್ಲಿಲ್ಲ.

"ಅಣ್ಣಾ, ಬಂದ್ಯಾ. ಕಾಲಿಗೆ ನೀರು ಕೊಡೋಕೂ ಆಗ್ತಿಲ್ಲ ನನ್ನ ಕೈಲಿ" ಅಂದ್ಲಂತೆ.

ತಿಪ್ಪಕ್ಕ ಗೌಡನ ತಲೆ ಹಿಡಿದು, ಅವನ ಕಿವೀನ ತಂಗಿ ಬೆನ್ನಿಗೆ ಇಟ್ಲು. ಡವ, ಡವ ಡವ ಡವ, ಆಮೇಲೆ ಏನೂ ಇಲ್ಲ, ಮತ್ತೆ ಡವ. ಆ ಏನೂ ಇಲ್ಲದ ಜಾಗ ಬಂದಾಗಲೆಲ್ಲ ಗೌಡನ ಉಸಿರೂ ನಿಲ್ತಿತ್ತಂತೆ. ಹೊರಗೆ ಎರಡೂರು ಕಾಯ್ತಾ ನಿಂತಿತ್ತು. ಕುಡುಗೋಲು ಯಾವಾಗ ಕೈಯಿಂದ ಬಿತ್ತೋ ಅವನಿಗೇ ಗೊತ್ತಾಗ್ಲಿಲ್ಲ. ಬಹಳ ಹೊತ್ತಾದ ಮೇಲೆ ತಲೆ ಎತ್ತಿ, ನನಗೆ ಯಾಕೆ ಹೇಳ್ಲಿಲ್ಲ ಅಂತ ಕೇಳಿದ. ಆ ದಿನ ಅವನು ಕೇಳಿದ ಮೊದಲ ಯಾಕೆ ಅದು. ಹಿಂದೆನೇ ಬಂದಿದ್ದ ಕಾಟಯ್ಯ ಬಾಗಿಲಲ್ಲೇ ಕೂತು ಎಲ್ಲಾನೂ ಹೇಳ್ಬಿಟ್ನಂತೆ. ಭಾವ ಮೈದುನ ತಬ್ಕೊಂಡು ಅತ್ರಂತೆ.

ತಿಪ್ಪಕ್ಕ ಆಚೆ ಬಂದು ಎರಡೂರಿಗೂ ಕೈ ಮುಗಿದ್ಲು. ಗವಿಗೆ ಮುದ್ರೆ ಒತ್ತಿದ್ದು ಸರಿ, ಅದರ ಜೊತೆ ನಿಮ್ಮ ಬಾಯಿಗೂ ಒತ್ತಿಬಿಟ್ಟೆ, ಅದು ನನ್ನ ತಪ್ಪು ಅಂದ್ಲಂತೆ. ಅಷ್ಟಂದು ಆ ಮರಿಗೆ ಎತ್ಕೊಂಡ್ಲು. ನಾವು ಹೊರ್ತೀವಿ ಅಂತ ಯಾರೂ ಮುಂದೆ ಬರ್ಲಿಲ್ಲ, ಬಂದಿದ್ರೂ ಅವಳು ಕೊಡ್ತಿರ್ಲಿಲ್ಲ. ಬಿಸಿಲಲ್ಲಿ ಒಬ್ಬಳೇ ಗುಡ್ಡ ಏರಿ, ಗವಿಯೊಳಗೆ ಹೋಗಿ ಕಲ್ಲನ್ನ ಅದರ ಜಾಗದಲ್ಲಿ ಇಟ್ಟು ಬಂದ್ಲು. ಗೌಡ ತಾನೇ ಹೊಸ ಚಂದ್ರ ಒತ್ತಿದ.

ಪಾಲಕ್ಕ ಹುಷಾರಾಗಿ ಮೊಮ್ಮಕ್ಕಳನ್ನ ಕಂಡ್ಲು ಅಂತ ಹೇಳೋರೂ ಇದಾರೆ. ನಾನು ಹಂಗೆ ಹೇಳಲ್ಲ. ಮುಂದಿನ ಮುಂಗಾರನ್ನ ಅವಳು ಕಾಣ್ಲಿಲ್ಲ. ಆದ್ರೆ ಹೋಗೋವಾಗ ಅಣ್ಣನ ತೊಡೆ ಮೇಲೆ ತಲೆ ಇತ್ತಂತೆ, ಕಾಟಯ್ಯನ ಕೈ ಅವಳ ಕೈಲಿತ್ತಂತೆ. ಅಷ್ಟು ಸಿಕ್ಕಿದ್ರೆ ನನಗೂ ಸಾಕು.

ತಿಪ್ಪಕ್ಕನ ಅಂಗೈ ಕಪ್ಪಾಯ್ತು. ಮುಸ್ಸಂಜೆ ಹೊತ್ತಲ್ಲಿ ಆ ಕೈ ಮಿಣುಕ್ತಿತ್ತು ಅಂತಾರೆ. ಒಂದಿನ ಗುಡಿಸ್ಲಲ್ಲಿ ಅವಳಿರ್ಲಿಲ್ಲ, ಸುತ್ತಿಗೆ ಇತ್ತು. ಗುಡ್ಡದೊಳಕ್ಕೆ ಹೋದ್ಲು ಅಂತಾರೆ, ಇನ್ನೂ ಅಲ್ಲೇ ಕೂತು ಕೇಳ್ತಾವ್ಳೆ ಅಂತಾರೆ. ನನಗೆ ಅವಳನ್ನ ನೆನೆಸ್ಕೊಂಡ್ರೆ ಸಂಕಟ ಆಗ್ತೈತೆ. ಊರಿನೋರ ಎದೆಯೆಲ್ಲ ಕೇಳಿದೋಳ ಬೆನ್ನಿಗೆ ಯಾರಾದ್ರೂ ಕಿವಿ ಇಟ್ಟಿದ್ರಾ? ಯಾರೂ ಇಟ್ಟಿರ್ಲಿಲ್ಲ.

ಗೌಡ ಹೊಸ ಚಂದ್ರ ಒತ್ತಿದ ದಿನದಿಂದ ಕಟ್ಟಳೆ ಬದಲಾಯ್ತು. ಈಗ್ಲೂ ಸುಗ್ಗಿ ಮುಗಿದ ಮೇಲೆ ಅವರು ಬರ್ತಾರೆ, ನಾವು ಹೋಗ್ತೀವಿ. ಮೊದಲು ಮುದ್ರೆ ನೋಡಲ್ಲ. ಮೊದಲು ಊರೊಳಗೆ ಬರ್ಬೇಕು, ಕಾಲು ತೊಳೀಬೇಕು, ಮುದ್ದೆ ಉಣ್ಣಬೇಕು, ತಮ್ಮೂರಿಂದ ಇಲ್ಲಿಗೆ ಕೊಟ್ಟ ಹೆಣ್ಣುಮಕ್ಕಳನ್ನೆಲ್ಲ ನೋಡ್ಬೇಕು. ಅಣ್ಣನೋ ತಮ್ಮನೋ ಬಂದು ಬೆನ್ನಿಗೆ ಕಿವಿ ಇಟ್ಟು ಕೇಳ್ಬೇಕು. ಆಮೇಲೆ ಗುಡ್ಡ. ನಮ್ಮೆರಡೂರಲ್ಲಿ ಏನೇ ಒಡೆದಿರಲಿ, ಗಡಿಗೆ ಒಡೆದಿರಲಿ, ಬೇಲಿ ಮುರಿದಿರಲಿ, ಯಾರು ಅಂತ ಮೊದಲು ಕೇಳೋ ಹಂಗಿಲ್ಲ. ಕೇಳಿದ್ರೆ ಹಿರಿಯರು, ತಿಪ್ಪಕ್ಕ ಕೇಳಿಸ್ಕೊಂತಾಳೆ ಕಣೋ ಅಂತ ಗದರ್ತಾರೆ.

ನಾನೂ ಪಡುವಲಹಟ್ಟಿ ಹೆಣ್ಣೇ ತಾನೇ. ನಮ್ಮಣ್ಣ ಒಂದು ವರ್ಷಾನೂ ತಪ್ಪಿಸಿಲ್ಲ. ಈಗ ಅವನಿಗೆ ಕಿವಿ ಪೂರ್ತಿ ಹೋಗೈತೆ, ಗುಡುಗು ಬಿದ್ರೂ ಗೊತ್ತಾಗಲ್ಲ. ಹೋದ ಸುಗ್ಗೀಲೂ ಕೋಲೂರ್ಕೊಂಡು ಬಂದ, ಕಾಲು ತೊಳೆದ, ಉಂಡ, ಬಂದು ನನ್ನ ಬೆನ್ನಿಗೆ ಕಿವಿ ಇಟ್ಟ. ಎಷ್ಟು ಹೊತ್ತಾದ್ರೂ ತೆಗೀಲೇ ಇಲ್ಲ. ನಾನು ತಿರುಗಿ, ನಿನಗೇನು ಕೇಳ್ತೈತೋ ಮುದುಕಾ ಅಂತ ಕೈ ಸನ್ನೆ ಮಾಡಿದೆ.

"ಬೆಚ್ಚಗೈತೆ, ಸಾಕು" ಅಂದ.